ಗಂಟಿಲ್ಲದ ದಾರ

ಹಿಮಿ ಎಂಬ ಮೀನುಗಾರರ ಊರಿನಲ್ಲಿ ಮಸುಯೊ ಎಂಬ ಹೆಂಗಸು ಹೆಣಗಳಿಗೆ ಬಟ್ಟೆ ಹೊಲಿಯುತ್ತಿದ್ದಳು. ಬದುಕಿದ್ದವರು ಅವಳ ಕೈಗೆ ಬಟ್ಟೆ ಕೊಡುತ್ತಿರಲಿಲ್ಲ, ಅವಳೂ ಕೇಳುತ್ತಿರಲಿಲ್ಲ. ಶವಸಂಸ್ಕಾರದ ಅಂಗಡಿಯವರು ಬಿಳಿ ಬಟ್ಟೆಯ ಥಾನು ತಂದು ಹಾಕಿ ಹೋಗುತ್ತಿದ್ದರು. ಅವಳು ಕತ್ತರಿ ಮುಟ್ಟದೆ ಅದನ್ನು ಕೈಯಲ್ಲೇ ಹರಿದು, ದಾರದ ತುದಿಗೆ ಗಂಟು ಹಾಕದೆ ಹೊಲಿದು, ಮಡಿಸಿಡುತ್ತಿದ್ದಳು. ಸತ್ತವರ ಬಟ್ಟೆಗೆ ಗಂಟು ಹಾಕಬಾರದು. ಹಾಕಿದರೆ ಹೋಗುವ ಜೀವ ಅಲ್ಲೇ ತೊಡರಿಕೊಳ್ಳುತ್ತದೆ ಎಂದು ಹಿರಿಯರ ಮಾತು. ಬದುಕಿದ್ದವರ ಬಟ್ಟೆಗೆ ಗಂಟು ಹಾಕದಿದ್ದರೆ ಏನಾಗುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

"ಸತ್ತೋರು ಒಳ್ಳೆ ಗಿರಾಕಿಗಳು ಕಣೇ. ಅಳತೆ ಸರಿಯಿಲ್ಲ ಅಂತ ಒಬ್ರೂ ವಾಪಸ್ ತಂದಿಲ್ಲ," ಎಂದು ಪಕ್ಕದ ಮನೆಯ ಒಣಮೀನಿನವಳಿಗೆ ಹೇಳಿ ತಾನೇ ನಗುತ್ತಿದ್ದಳು. ಗಂಡ ದೋಣಿಯವನು, ಒಳ್ಳೆಯವನು, ಬೇಗ ಹೋದ. ಅವನ ಬಟ್ಟೆಯನ್ನೂ ಅವಳೇ ಹೊಲಿದಳು. ಎಣಿಸುವುದು ಅವಳಿಗೆ ಒಂದು ಚಟ. ಮೆಟ್ಟಿಲು ಎಣಿಸುವಳು, ಬುಟ್ಟಿಯ ಬೂತಾಯಿ ಮೀನು ಎಣಿಸುವಳು, ಗೂಟದ ಮೇಲೆ ಕೂತ ಕಡಲಕಾಗೆ ಎಣಿಸುವಳು. ದಿನ ಸಂಜೆ ಮಾತ್ರ ಒಂದು ಹಳೆಯ ಸೂಜಿಮೆತ್ತೆಯನ್ನು ಮುಂದಿಟ್ಟುಕೊಂಡು ಅದರಲ್ಲಿ ಚುಚ್ಚಿಟ್ಟ ಸೂಜಿಗಳನ್ನು ಬಾಯಿಬಿಟ್ಟು ಎಣಿಸುವಳು. ಒಂದು, ಎರಡು, ಮೂರು... ಒಂಬತ್ತು. ಒಂಬತ್ತಕ್ಕೆ ನಿಲ್ಲಿಸಿ ಹಲ್ಲು ಕಡಿಯುವಳು. ಆ ಸೂಜಿಗಳಲ್ಲಿ ಒಂದನ್ನೂ ಅವಳು ಕೆಲಸಕ್ಕೆ ಬಳಸಲಿಲ್ಲ, ಹತ್ತನೆಯದನ್ನು ಕೊಂಡು ತಂದು ತುಂಬಿಸಲೂ ಇಲ್ಲ.

ಹತ್ತನೆಯದು ಕನಜಾವಾ ಪಟ್ಟಣದಲ್ಲಿತ್ತು. ಅದನ್ನು ತಾತ್ಸುಕೊ ಕದ್ದಿದ್ದಳು.

ಆಗ ಮಸುಯೊಗೆ ಇಪ್ಪತ್ತೆರಡು. ಅಸಾನೋ ಹೊಳೆಯ ದಂಡೆಯಲ್ಲಿ ಮುರಾಯಿಯಮ್ಮ ಎಂಬ ಮುದುಕಿಯ ಹೊಲಿಗೆಮನೆ. ಏಳು ಹುಡುಗಿಯರು, ಏಳು ಚಾಪೆ, ಒಬ್ಬೊಬ್ಬಳ ಮೆತ್ತೆಯಲ್ಲಿ ಹತ್ತು ಹತ್ತು ಸೂಜಿ. ಬೆಳಿಗ್ಗೆ ಕೂರುವಾಗ ಎಣಿಸಬೇಕು, ಸಂಜೆ ಏಳುವಾಗ ಎಣಿಸಬೇಕು, ಗಟ್ಟಿಯಾಗಿ ಎಲ್ಲರಿಗೂ ಕೇಳುವಂತೆ. ಹೊಲಿಗೆಯವಳು ಏನು ತಪ್ಪು ಮಾಡಿದರೂ ಕ್ಷಮೆ ಉಂಟು, ಉಡುವವರ ಬಟ್ಟೆಯಲ್ಲಿ ಸೂಜಿ ಬಿಟ್ಟರೆ ಇಲ್ಲ. ಮಸುಯೊ ಮೂರನೆಯ ಚಾಪೆ. ಕೈ ಚುರುಕು. ನನ್ನ ನಂತರ ಈ ಮನೆ ನಿನ್ನದೇ ಎಂದು ಮುರಾಯಿಯಮ್ಮ ಎರಡು ಸಲ ಅಂದಿದ್ದಳು. ಎರಡು ಸಲವೂ ತಾತ್ಸುಕೊ ಅಲ್ಲೇ ಇದ್ದಳು. ಅವಳು ಎರಡನೆಯ ಚಾಪೆ, ಮಸುಯೊಗಿಂತ ಮೂರು ವರುಷ ಹಿರಿಯಳು.

ಒಂದು ಮದುವೆಯ ಬಟ್ಟೆ ಬಂತು. ಕೊರಳಪಟ್ಟಿ ತಾತ್ಸುಕೊಗೆ, ಕೆಂಪು ಒಳಪದರ ಮಸುಯೊಗೆ. ಸಂಜೆ ಎಲ್ಲರೂ ಹತ್ತು ಹತ್ತು ಎಂದು ಎಣಿಸಿ ಎದ್ದರು. ಮಾರನೆಯ ದಿನ ಮದುವೆಮನೆಯಿಂದ ಆಳು ಓಡಿಬಂದ. ಕೊರಳಪಟ್ಟಿಯಲ್ಲಿದ್ದ ಸೂಜಿ ಮದುಮಗಳ ಕತ್ತಿಗೆ ಚುಚ್ಚಿ, ಬಿಳಿ ರೇಷ್ಮೆಯ ಮೇಲೆ ರಕ್ತದ ಬೊಟ್ಟು ಬಿದ್ದಿತ್ತು. ಮುರಾಯಿಯಮ್ಮ ಎದ್ದುನಿಂತು ಎಲ್ಲರ ಮೆತ್ತೆಯನ್ನೂ ತರಿಸಿದಳು. ಮಸುಯೊ ಆಗ ಒಳಗೆ ಚಹಾ ಕಾಸುತ್ತಿದ್ದಳು. ಬಂದು ನೋಡುತ್ತಾಳೆ, ತಾತ್ಸುಕೊ ಮೆತ್ತೆಯಲ್ಲಿ ಹತ್ತು, ತನ್ನದರಲ್ಲಿ ಒಂಬತ್ತು. ಬೆಳಿಗ್ಗೆ ತಾನೇ ಎಣಿಸಿದ್ದು ಹತ್ತು! ತಾತ್ಸುಕೊ ಮೆತ್ತೆಯ ಒಂದು ಸೂಜಿಯ ಕಣ್ಣಿನಲ್ಲಿ ಕೆಂಪು ದಾರದ ಎಳೆ ಇನ್ನೂ ನೇತಾಡುತ್ತಿತ್ತು.

"ಅದು ನನ್ನ ಸೂಜಿ! ಕೆಂಪು ದಾರ ನೋಡಿ, ಅಮ್ಮಾ!"

"ಕೆಂಪು ದಾರ ಯಾರ ಹತ್ರ ಇಲ್ಲ ಕಣೇ?" ಎಂದಳು ತಾತ್ಸುಕೊ. ದನಿಯಲ್ಲಿ ಬೆಣ್ಣೆ. "ಬೈಬೇಡಿ ಅಮ್ಮಾ, ಪಾಪ, ಚಿಕ್ಕೋಳು. ಎಣಿಸೋವಾಗ ತಪ್ಪಿರ್ಬೇಕು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಂದೇ ಮಧ್ಯಾಹ್ನ ಮಸುಯೊ ಗಂಟುಮೂಟೆ ಕಟ್ಟಿದಳು. ಆ ಮೇಲೆ ಯಾವ ಊರಿನಲ್ಲಿ ಯಾವ ಹೊಲಿಗೆಮನೆಯ ಬಾಗಿಲು ತಟ್ಟಿದರೂ ಅವಳಿಗಿಂತ ಮೊದಲೇ ಸುದ್ದಿ ಬಂದು ಕೂತಿರುತ್ತಿತ್ತು. ಕೊನೆಗೆ ಸೂಜಿ ಚುಚ್ಚಿದರೂ ದೂರು ಹೇಳದ ಗಿರಾಕಿಗಳು ಮಾತ್ರ ಉಳಿದರು.

ಇದನ್ನು ಕೇಳಿ ಅಯ್ಯೋ ಪಾಪ ಅನ್ನುವವರು ಅನ್ನಲಿ. ಮಸುಯೊಗೆ ಪಾಪ ಅನ್ನಿಸಿಕೊಳ್ಳುವ ಆಸೆ ಇರಲಿಲ್ಲ. ಅವಳಿಗೆ ಬೇಕಾಗಿದ್ದು ಒಂದೇ: ನಾಲ್ಕು ಜನರ ಎದುರು ಕಳೆದ ಮಾನ ನಾಲ್ಕು ಜನರ ಎದುರೇ ವಾಪಸ್ ಬರಬೇಕು, ಬರುವಾಗ ತಾತ್ಸುಕೊಳ ಮಾನವನ್ನು ಜೊತೆಗೆ ಎಳೆದುಕೊಂಡು ಬರಬೇಕು. ಹಾವಿನ ದ್ವೇಷ ಹನ್ನೆರಡು ವರುಷ ಅನ್ನುತ್ತಾರೆ. ಮಸುಯೊಳದು ನಲವತ್ತೊಂದು ವರುಷ ಕಳೆದರೂ ಬಿಸಿಯಾಗಿಯೇ ಇತ್ತು.

ಆ ವರುಷದ ಮೇ ತಿಂಗಳಲ್ಲಿ ಒಣಮೀನು ಸುತ್ತಿ ಬಂದ ಪೇಪರಿನಲ್ಲಿ ತಾತ್ಸುಕೊಳ ಫೋಟೋ ಬಂತು. ಮುರಾಯಿ ಹೊಲಿಗೆಶಾಲೆಯ ಗುರು ತಾತ್ಸುಕೊ ಅವರಿಗೆ ಸನ್ಮಾನ, ಮೂವತ್ತನೆಯ ತಾರೀಖು ಬೆಳಿಗ್ಗೆ, ಹೊಳೆದಂಡೆಯ ವಸತಿಗೃಹದಲ್ಲಿ. ಆ ಮನೆಯಲ್ಲಿ ದುಡಿದ ಹಳಬರೆಲ್ಲ ಬರಬೇಕು ಎಂದು ಬರೆದಿತ್ತು.

"ಹಳಬರೆಲ್ಲ ಬರ್ಬೇಕಂತೆ," ಎಂದಳು ಮಸುಯೊ, ಪೇಪರಿನ ಮೇಲಿನ ಮೀನಿನ ಪೊರೆಯನ್ನು ಉಗುರಿನಲ್ಲಿ ಕೆರೆಯುತ್ತಾ.

"ಹೋಗಿ ಏನ್ ಮಾಡ್ತೀಯಕ್ಕಾ?" ಒಣಮೀನಿನವಳು ಕೇಳಿದಳು.

"ನನ್ನ ಸೂಜಿ ಕೇಳ್ತೀನಿ."

"ಒಂದು ಸೂಜಿಗೆ ಅಷ್ಟು ದೂರವಾ?"

"ಒಂದು ಸೂಜಿಗೆ ನಲವತ್ತೊಂದು ವರ್ಷ ಹೋಗಿಲ್ವೇನೇ? ಇನ್ನೊಂದು ಹಗಲು ಹೋಗ್ಲಿ ಬಿಡು."

ಮೂವತ್ತನೆಯ ತಾರೀಖು ಬೂದಿಬಣ್ಣದ ಸಾದಾ ಕಿಮೋನೋ ಉಟ್ಟು, ಸೂಜಿಮೆತ್ತೆಯನ್ನು ಸೊಂಟಪಟ್ಟಿಯೊಳಗೆ ಸಿಕ್ಕಿಸಿಕೊಂಡು ಮೊದಲ ರೈಲು ಹತ್ತಿದಳು. ತಕಾವೊಕಾದಲ್ಲಿ ರೈಲು ಬದಲಿಸಿದಳು. ಗದ್ದೆಗಳಲ್ಲಿ ಆಗಷ್ಟೇ ನೆಟ್ಟ ಸಸಿ, ನೀರಿನಲ್ಲಿ ಆಕಾಶ. ಕಡಲಪಾಚಿ ಸುತ್ತಿದ ಅನ್ನದ ಉಂಡೆ ತಿನ್ನುತ್ತಾ, ಸಭೆಯಲ್ಲಿ ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ಹತ್ತು ಸಲ ಆಡಿ ನೋಡಿದಳು. ಹತ್ತು ಸಲವೂ ತಾತ್ಸುಕೊ ಬೆಪ್ಪಾದಳು.

ಕನಜಾವಾದಲ್ಲಿ ಇಳಿದರೆ ಸೆಕೆ. ಹೊಳೆದಂಡೆಯ ಮರಗಳೆಲ್ಲ ಹೊಸ ಎಲೆ ಹೊತ್ತು ನಿಂತಿದ್ದವು; ಮನೆಗಳ ಮುಂದೆ ನೀಲಿ ಐರಿಸ್ ಹೂ ಅರಳಿ, ಅರ್ಧ ಬಾಡಿಯೂ ಆಗಿತ್ತು. ಒಳಪದರದ ಬಟ್ಟೆ ಬಿಟ್ಟು ಒಂಟಿಪದರ ಉಡಲು ಇನ್ನೂ ಎರಡು ದಿನ ಇತ್ತು. ಬೆವರಿಳಿದರೂ ಸರಿ, ಜೂನ್ ಒಂದಕ್ಕೆ ಮುಂಚೆ ಈ ಊರಿನ ಹೆಂಗಸರು ಪದರ ಬಿಡುವವರಲ್ಲ. ಮುರಾಯಿಯಮ್ಮನ ಮನೆ ಇದ್ದ ಜಾಗದಲ್ಲಿ ಮೂರಂತಸ್ತಿನ ಶಾಲೆ ಎದ್ದಿತ್ತು. ಅದನ್ನು ನೋಡಿ ಅವಳು ಅಳಲಿಲ್ಲ. ಕಿಟಕಿ ಎಣಿಸಿದಳು. ಹನ್ನೆರಡು. ಹನ್ನೆರಡೂ ತನ್ನವು!

ವಸತಿಗೃಹಕ್ಕೆ ಕಾಲು ಗಂಟೆ ಮೊದಲೇ ಬಂದಳು. ಓಣಿಯಂಥ ಪಡಸಾಲೆಯಲ್ಲಿ ಕೈಕಾಲು ತೊಳೆಯುವ ಜಾಗ ಹುಡುಕುತ್ತಿದ್ದಾಗ ಐವತ್ತರ ಒಬ್ಬ ದಪ್ಪ ಹೆಂಗಸು ಎದುರಿನಿಂದ ಏದುಸಿರು ಬಿಡುತ್ತಾ ಬಂದು ಅವಳ ತೋಳು ಹಿಡಿದಳು. ತಾತ್ಸುಕೊಳ ಹಿರಿಯ ಶಿಷ್ಯೆ, ಕಯೊ. ಬೂದಿ ಕಿಮೋನೋ ನೋಡಿ ಇವಳನ್ನು ಅಲ್ಲಿಯ ಕೆಲಸದವಳು ಎಂದುಕೊಂಡಿದ್ದಳು.

"ಏನಮ್ಮಾ, ಸೂಜಿ ಹಿಡಿಯೋಕೆ ಬರುತ್ತಾ ನಿಮಗೆ?"

"ಬರುತ್ತೆ ಅಂತ ಒಂದು ಕಾಲದಲ್ಲಿ ಅಂತಿದ್ರು."

"ಅಷ್ಟು ಸಾಕು, ಬನ್ನಿ ಬನ್ನಿ. ಗುರುಗಳ ಕಿಮೋನೋ ತೋಳು ಕಾರಿನ ಬಾಗಿಲಿಗೆ ಸಿಕ್ಕಿ ಬಿಚ್ಕೊಂಡುಬಿಟ್ಟಿದೆ. ಕಳಚಿ ಮತ್ತೆ ಉಡಿಸೋಕೆ ಹೊತ್ತಿಲ್ಲ. ಉಟ್ಟಿದ್ದ ಹಾಗೇ ನಾಲ್ಕು ಹೊಲಿಗೆ ಹಾಕಿಬಿಡಿ."

"ಇಲ್ಲಿರೋರೆಲ್ಲ ಹೊಲಿಯೋರೇ ಅಲ್ವಾ?"

ಕಯೊ ಮುಖ ತಿರುಗಿಸಿದಳು. "ಅದು... ಮೈಮೇಲಿರೋ ಬಟ್ಟೆಗೆ ಸೂಜಿ ಹಾಕೋದು, ಅದೂ ಹೊರಡೋ ಹೊತ್ತಲ್ಲಿ. ನಮ್ಮ ಕೈಯಿಂದಲೇ ಯಾಕೆ ಅಂತ."

ಮೈಮೇಲೆ ಹೊಲಿಯುವುದು ಹೆಣದ ಬಟ್ಟೆಯನ್ನು ಎಂಬ ಅಂಜಿಕೆ. ಅಪಶಕುನವನ್ನು ದಾರಿಯಲ್ಲಿ ಸಿಕ್ಕವಳ ತಲೆಗೆ ಕಟ್ಟುವ ಬುದ್ಧಿ ಮಾತ್ರ ಆ ಮನೆಯಲ್ಲಿ ಗುರುವಿನಿಂದ ಶಿಷ್ಯೆಗೆ ಚೆನ್ನಾಗಿಯೇ ಇಳಿದಿತ್ತು. ಬಾಗಿಲು ತೆರೆಯುತ್ತಾ ಕಯೊ ಒಳಗಿದ್ದ ಉಳಿದ ಶಿಷ್ಯೆಯರಿಗೆ ಕೂಗಿದಳು: "ಎಲ್ರೂ ಸಭೆ ಹತ್ರ ನಡೀರೇ. ಉಡೋ ಬಟ್ಟೆಗಳನ್ನ ಒಂದ್ಸಲ ತಡವಿ ನೋಡ್ಕೊಳ್ಳಿ, ಇವತ್ತಾದ್ರೂ ಯಾರೂ ಮಸುಯೊ ಮಾಡ್ಬೇಡಿ!"

ಮಸುಯೊಳ ಕಾಲು ಹೊಸಿಲಿನಲ್ಲೇ ನಿಂತಿತು. "ಏನಂದ್ರಿ? ಏನು ಮಾಡ್ಬಾರ್ದು?"

"ಓ, ಅದು ನಮ್ಮ ಶಾಲೆ ಮಾತು. ಬಟ್ಟೇಲಿ ಸೂಜಿ ಮರೆತ್ರೆ ಮಸುಯೊ ಮಾಡೋದು ಅಂತೀವಿ. ಹಿಂದೆ ಯಾವಳೋ ಇದ್ಳಂತೆ ಹಾಗೆ. ನಿಜವಾಗ್ಲೂ ಇದ್ಳೋ, ಹೆದರಿಸೋಕೆ ಕಟ್ಟಿದ ಕತೆಯೋ, ಯಾರಿಗ್ಗೊತ್ತು!"

ಅಷ್ಟು ಹೇಳಿ ಕಯೊ ಶಾಲೆಯ ಸೂಜಿಡಬ್ಬಿಯನ್ನು ಇವಳ ಕೈಗಿಟ್ಟು, ಅತಿಥಿಗಳನ್ನು ಎದುರುಗೊಳ್ಳಲು ಓಡಿದಳು. ತಾತ್ಸುಕೊ ಮಸುಯೊಳ ಕೆಲಸ ಕಸಿದಳು, ಮನೆ ಕಸಿದಳು, ಅಷ್ಟಕ್ಕೆ ಬಿಡದೆ ಹೆಸರನ್ನೂ ಕಸಿದು ಬೈಗುಳ ಮಾಡಿದ್ದಳು. ನಲವತ್ತೊಂದು ವರುಷದಿಂದ ಈ ಊರಿನ ಹುಡುಗಿಯರು ದಿನಾ ಅವಳನ್ನು ಬಾಯಲ್ಲಿ ಹಾಕಿಕೊಂಡು ಉಗಿಯುತ್ತಿದ್ದರು.

ಒಳಗೆ ತಾತ್ಸುಕೊ ಐದು ಕಡೆ ಮನೆತನದ ಲಾಂಛನವಿದ್ದ ಕಪ್ಪು ಕಿಮೋನೋ ಉಟ್ಟು ಕಂಬದಂತೆ ನಿಂತಿದ್ದಳು. ಎಡತೋಳು ಹೆಗಲ ಹಿಂಬದಿಯಿಂದ ಗೇಣುದ್ದ ಬಿಚ್ಚಿಕೊಂಡಿತ್ತು. ಕಣ್ಣಿಗೆ ಪೊರೆ ಬಂದು ಬೆಳ್ಳಗಾಗಿತ್ತು. ಬಂದವಳ ಕಡೆ ಮುಖ ತಿರುಗಿಸಿದಳು, ಗುರುತಿಸಲಿಲ್ಲ.

"ಬೇಗ ಆಗ್ಬೇಕಮ್ಮ," ಎಂದಳು.

ಡಬ್ಬಿಯಿಂದ ಒಂದು ಸೂಜಿ ತೆಗೆದು ಮಸುಯೊ ಕಪ್ಪು ದಾರ ಪೋಣಿಸಿದಳು. ಮೊದಲು ಹೊಳೆದದ್ದು ಹೆಣದ ಹೊಲಿಗೆ. ಗಂಟು ಹಾಕದೆ ಹೊಲಿದುಬಿಟ್ಟರೆ ಸಭೆಯಲ್ಲಿ ಕೈ ಎತ್ತಿದ ಕೂಡಲೇ ದಾರ ಜಾರುತ್ತದೆ, ತೋಳು ಜೋತುಬೀಳುತ್ತದೆ. ಆ ಯೋಚನೆ ಒಂದು ಗಳಿಗೆ ಸಿಹಿಯಾಗಿಯೇ ಇತ್ತು. ಆಮೇಲೆ ಬೇರೆ ಸಿಟ್ಟು ಬಂತು. ತೋಳು ಬಿದ್ದರೆ ಜನ ಏನಂದಾರು? ನೋಡಿ, ಮಸುಯೊ ಮತ್ತೆ ಮಸುಯೊ ಮಾಡಿದಳು ಅಂದಾರು. ಇಲ್ಲ. ಬ್ರಹ್ಮನೇ ಬಂದರೂ ಬಿಚ್ಚಲಾಗದ ಹಾಗೆ ಗಂಟು ಹಾಕಿ ಹೊಲಿಯುತ್ತೇನೆ. ಸಭೆಯಲ್ಲಿ ಎಲ್ಲರೆದುರು ಆ ತೋಳು ಎತ್ತಿಸುತ್ತೇನೆ. ನಿಮ್ಮ ಗುರುವಿನ ಮಾನ ಮುಚ್ಚಿರುವುದು ಮಸುಯೊಳ ಹೊಲಿಗೆ ಎಂದು ಹೇಳುತ್ತೇನೆ. ಆಮೇಲೆ ಸೂಜಿ ಕೇಳುತ್ತೇನೆ. ಹೀಗೆ ಗಟ್ಟಿ ಮಾಡಿಕೊಂಡು ಅವಳು ಹೆಗಲಿಗೆ ಕೈ ಹಾಕಿದಳು.

"ಕಳಚಿದೆ ಅನ್ನಿ," ಎಂದಳು. ಉಟ್ಟ ಬಟ್ಟೆಗೆ ಸೂಜಿ ಹಾಕುವಾಗ ಉಟ್ಟವರು ಆ ಮಾತು ಹೇಳಬೇಕು. ಹೇಳಿದರೆ ದೋಷ ತಾಗುವುದಿಲ್ಲ.

ತಾತ್ಸುಕೊ ನಕ್ಕಳು. "ನನಗೇ ಹೇಳಿಕೊಡ್ತೀರಲ್ಲ! ಕಳಚಿದೆ, ಕಳಚಿದೆ, ಕಳಚಿದೆ. ಸಾಕಾ? ಕೈ ಚೆನ್ನಾಗಿದೆ ನಿಮ್ಮದು, ಮೈಗೆ ತಾಗೋದೇ ಗೊತ್ತಾಗಲ್ಲ."

"ಆ ಮಸುಯೊ ಅನ್ನೋಳು," ಮಸುಯೊ ದನಿ ಏರಿಸದೆ ಕೇಳಿದಳು, "ನಿಜವಾಗ್ಲೂ ಇದ್ಳಾ?"

"ಇದ್ಳು, ನನ್ನ ಪಕ್ಕದ ಚಾಪೆಯೋಳೇ. ಅವಳ ಕೈಯೂ ಚೆನ್ನಾಗಿತ್ತು." ತಾತ್ಸುಕೊ ಕನ್ನಡಿಯ ಕಡೆ ತಿರುಗಿ ಕೊರಳಪಟ್ಟಿ ಸರಿಮಾಡಿಕೊಂಡಳು. "ಪಾಪ, ಎಣಿಸೋಕೆ ಬರ್ತಿರಲಿಲ್ಲ."

ಎಣಿಸಲು ಬರುತ್ತಿರಲಿಲ್ಲ! ಈ ಕ್ಷಣವೇ ಆ ಕೊರಳನ್ನು ಹಿಸುಕಿಬಿಡಬೇಕು ಅನ್ನಿಸಿತು ಮಸುಯೊಗೆ. ಕಣ್ಣು ತಾತ್ಸುಕೊಳ ಬಿಳಿ ಕತ್ತಿನ ಮೇಲಿತ್ತು, ಮನಸ್ಸು ಮುರಾಯಿಯಮ್ಮನ ಪಡಸಾಲೆಯಲ್ಲಿತ್ತು, ಕೈ ತನ್ನ ಪಾಡಿಗೆ ತಾನು ಹೊಲಿಯುತ್ತಾ ಹೋಯಿತು. ಕೊನೆಗೆ ದಾರ ಕಡಿದು, ಸೂಜಿಯನ್ನು ಮೆತ್ತೆಗೆ ಚುಚ್ಚಿ, ಬಗ್ಗಿ ನಮಸ್ಕರಿಸಿ ಅವಳು ಹೊರಬಂದಳು.

ಸಭೆಯಲ್ಲಿ ಎಂಬತ್ತು ಜನ. ಎದುರಿನ ಸಾಲಿನಲ್ಲಿ ಊರಿನ ಹಳೆಯ ಹೊಲಿಗೆಯ ಮುದುಕಿಯರು, ಅವರ ಹಿಂದೆ ಶಿಷ್ಯೆಯರು, ಎಲ್ಲರ ಮುಂದೆಯೂ ಬಿದಿರೆಲೆಯಲ್ಲಿ ಸುತ್ತಿದ ಮೀನನ್ನದ ಪೊಟ್ಟಣ. ಹೊಗಳಿಕೆಗಳು ಮುಗಿದವು. ಹಳಬರು ಯಾರಾದರೂ ಎರಡು ಮಾತಾಡಬಹುದು ಎಂದಳು ಕಯೊ. ಕೊನೆಯ ಸಾಲಿನಿಂದ ಮಸುಯೊ ಎದ್ದಳು.

"ನಾನು ಮಸುಯೊ."

ಸಭೆ ಗೊಳ್ಳೆಂದು ನಕ್ಕಿತು. ಯಾರೋ ಸೂಜಿ ಮರೆತವಳು ತಮಾಷೆಗೆ ಒಪ್ಪಿಕೊಳ್ಳುತ್ತಿದ್ದಾಳೆ ಅಂದುಕೊಂಡರು. "ಎಲ್ಲಿ ಮಾಡಿದ್ರಿ ಅಕ್ಕಾ?" ಎಂದು ಒಬ್ಬಳು ಕೂಗಿದಳು.

"ಮಾಡೋ ಮಸುಯೊ ಅಲ್ಲ ಕಣಮ್ಮ. ಅಪ್ಪ ಅಮ್ಮ ಇಟ್ಟ ಹೆಸರಿನ ಮಸುಯೊ. ಮುರಾಯಿಯಮ್ಮನ ಮನೇಲಿ ಮೂರನೇ ಚಾಪೆ."

ನಗು ಅರ್ಧಕ್ಕೆ ನಿಂತಿತು. ವೇದಿಕೆಯ ಮೇಲೆ ತಾತ್ಸುಕೊಳ ಕತ್ತು ದನಿ ಬಂದ ಕಡೆ ತಿರುಗಿತು.

"ತಾತ್ಸುಕೊ ಅಕ್ಕ, ನನ್ನ ಹತ್ತನೇ ಸೂಜಿ ನಿಮ್ಮ ಹತ್ರ ಇದೆ. ಇಸ್ಕೊಂಡು ಹೋಗೋಕೆ ಬಂದೆ. ಆವತ್ತು ನಾನು ಚಹಾ ಕಾಸೋಕೆ ಎದ್ದಾಗ ನನ್ನ ಮೆತ್ತೆಯಿಂದ ತೆಗೆದುಕೊಂಡ್ರಲ್ಲ, ಅದು. ಮದುಮಗಳ ಕೊರಳಲ್ಲಿದ್ದದ್ದು ನಿಮ್ಮದು."

ತಾತ್ಸುಕೊಳದು ಅದೇ ಹಳೆಯ ಬೆಣ್ಣೆ ದನಿ. "ಅಯ್ಯೋ ಮಸುಯೊ, ಬದುಕಿದ್ದೀಯಾ? ಇಷ್ಟು ವರ್ಷ ಅದನ್ನೇ ಹೊಟ್ಟೇಲಿ ಇಟ್ಕೊಂಡಿದ್ದೀಯಾ? ಬೈಬೇಡಿ ಯಾರೂ. ವಯಸ್ಸಾಗಿದೆ ಅವಳಿಗೆ."

ಜನ ಪಿಸುಗುಟ್ಟಿದರು. ಮರುಕವೆಲ್ಲ ತಾತ್ಸುಕೊ ಕಡೆ, ಛೀಮಾರಿಯೆಲ್ಲ ಮಸುಯೊ ಕಡೆ. ಮೂರನೆಯ ಸಾಲಿನ ಒಬ್ಬಳು "ಕೂತ್ಕೊಳ್ರೀ, ಇದು ಜಗಳದ ಜಾಗ ಅಲ್ಲ," ಎಂದಳು. ನಲವತ್ತೊಂದು ವರುಷದ ಹಿಂದೆಯೂ ಹೀಗೇ ಆಗಿತ್ತು. ಆದರೆ ಈ ಸಲ ಮಸುಯೊಳ ಹತ್ತಿರ ಒಂದು ತೋಳಿತ್ತು.

"ಸರಿ, ಸೂಜಿ ಮಾತು ಬಿಡಿ. ನಿಮ್ಮ ಎಡತೋಳನ್ನ ಈಗ ಒಂದು ಗಂಟೆ ಮುಂಚೆ ಹೊಲಿದೋಳು ಯಾರು ಅಂತ ಕಯೊನ ಕೇಳಿ. ನಾನೇ. ಮಸುಯೊ ಹೊಲಿಗೆ ಹೇಗಿದೆ ಅಂತ ಈ ಹಿರಿಯರು ನೋಡ್ಲಿ. ಕೈ ಎತ್ತಿ, ಅಕ್ಕ."

ತಾತ್ಸುಕೊ ನಕ್ಕು, ದೊಡ್ಡ ಮನಸ್ಸು ತೋರಿಸುವವಳ ಹಾಗೆ, ಬೇಕಾದ್ದಕ್ಕಿಂತ ಎತ್ತರಕ್ಕೆ ಕೈ ಎತ್ತಿದಳು.

ತೋಳು ಸರ್ರನೆ ಜಾರಿತು. ಕಾರಿನ ಬಾಗಿಲು ಬಿಚ್ಚದೆ ಉಳಿಸಿದ್ದ ಹೊಲಿಗೆಯನ್ನೂ ಸೇರಿಸಿಕೊಂಡು ಮೊಣಕೈವರೆಗೆ ಜೋತುಬಿದ್ದು, ಒಳಗಿನ ಬಿಳಿ ಬಟ್ಟೆ ಎಂಬತ್ತು ಜನರಿಗೂ ಕಾಣಿಸಿತು. ಉದ್ದನೆಯ ಕಪ್ಪು ದಾರವೊಂದು ಹೆಗಲಿನಿಂದ ಇಳಿದು ಚಾಪೆಯ ಮೇಲೆ ಬಿತ್ತು.

ದೂರದಿಂದಲೇ ಮಸುಯೊಗೆ ಗೊತ್ತಾಯಿತು: ಗಂಟು ಹಾಕಿರಲಿಲ್ಲ. ಹಾಕಬೇಕು ಎಂದು ಮನಸ್ಸು ಹೇಳಿತ್ತು, ಕೈ ಕೇಳಿರಲಿಲ್ಲ. ನಲವತ್ತೊಂದು ವರುಷ ಗಂಟಿಲ್ಲದೆ ಹೊಲಿದ ಕೈ, ಸಿಟ್ಟಿನಲ್ಲಿ ಮನಸ್ಸು ಅತ್ತ ಹೋದ ಕೂಡಲೇ ತನಗೆ ಗೊತ್ತಿದ್ದ ಹಾಗೆ ಹೊಲಿದು ಮುಗಿಸಿತ್ತು. ಹುಟ್ಟಿದ ಮೇಲೆ ಸೂಜಿಯಲ್ಲಿ ಅವಳು ಮಾಡಿದ ಮೊದಲ ತಪ್ಪು ಅದು, ಅದೂ ಇವರೆದುರು, ಇವತ್ತು! ಸುಳ್ಳಾಗಿ ಹೊತ್ತ ಹೆಸರು ನಿಜವಾಗಿಬಿಟ್ಟಿತಲ್ಲ ಎಂದು ಮುಖ ಸುಟ್ಟ ಹಾಗಾಗಿ, ತಪ್ಪಾಯಿತು ಅನ್ನಲು ಬಾಯಿ ತೆರೆದಳು.

ಅಷ್ಟರಲ್ಲಿ ಮುಂದಿನ ಸಾಲಿನ ಅತಿ ಹಿರಿಯ ಮುದುಕಿ ಚಾಪೆಯ ಮೇಲಿನ ದಾರವನ್ನು ಎತ್ತಿ, ಆ ತುದಿ ಈ ತುದಿ ಬೆರಳಿನಲ್ಲಿ ತಡವಿ, ಥಟ್ಟನೆ ಕೈಬಿಟ್ಟಳು.

"ಗಂಟಿಲ್ಲ," ಎಂದಳು. "ಎರಡು ತುದೀಲೂ ಇಲ್ಲ. ಇದು ಹೆಣದ ಹೊಲಿಗೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ತಾತ್ಸುಕೊ ಮುಟ್ಟಿ ನೋಡಿಕೊಂಡಾಗ ಅವಳ ಹೆಗಲ ಮೇಲೆ ತೋಳೇ ಇರಲಿಲ್ಲ. ಬೆರಳಿಗೆ ಬಿಳಿ ಬಟ್ಟೆ ತಾಗಿತು.

"ಕಳಚಿದೆ ಅಂದೆನಲ್ಲ! ಮೂರು ಸಲ ಅಂದೆ!" ದನಿಯಲ್ಲಿ ಬೆಣ್ಣೆ ಇರಲಿಲ್ಲ. "ಮಸುಯೊ, ಬೇಡ ಕಣೇ, ಹೀಗೆ ಕಳಿಸಬೇಡ ನನ್ನ. ನಾನೇ ತಗೊಂಡಿದ್ದು, ಆಯ್ತಾ? ಸಂಜೆ ಎಣಿಸಿದಾಗಲೇ ನನ್ನದು ಒಂಬತ್ತಿತ್ತು, ಹತ್ತು ಅಂತ ಸುಳ್ಳು ಹೇಳಿದೆ. ಬೆಳಿಗ್ಗೆ ನಿನ್ನದು ತೆಗೆದೆ. ಮನೆ ನಿನಗೇ ಹೋಗ್ತಿತ್ತು, ಏನ್ ಮಾಡ್ಲಿ? ಹೇಳಿದೆನಲ್ಲ, ಎಲ್ಲರೆದುರು ಹೇಳಿದೆನಲ್ಲ! ಬಾ, ಗಂಟು ಹಾಕು. ನಿನ್ನ ಕೈಯಿಂದಲೇ ಹಾಕ್ಬೇಕು, ಒಂದೇ ಒಂದು ಗಂಟು ಹಾಕಿಬಿಡೇ!"

ಕಯೊಳ ಬಾಯಿ ತೆರೆದದ್ದು ಹಾಗೇ ಇತ್ತು. ಮಸುಯೊ ಬಾಯಿಗೆ ಬಂದಿದ್ದ "ತಪ್ಪಾಯಿತು" ಎಂಬ ಮಾತನ್ನು ಬಿಸಿ ಅನ್ನದ ತುತ್ತಿನ ಹಾಗೆ ನುಂಗಿದಳು. ಬೇಕೆಂದೇ ಮಾಡಿದ್ದಲ್ಲ ಎಂದು ಆಗ ಹೇಳಲಿಲ್ಲ, ಆಮೇಲೂ ಯಾರಿಗೂ ಹೇಳಲಿಲ್ಲ. ಅವಳಿಗೆ ಸಂತೋಷವಾಯಿತು, ಮೈಯೆಲ್ಲ ಹರಡುವಷ್ಟು ಕೆಟ್ಟ ಸಂತೋಷ.

"ಗಂಟಾ? ನನಗೆ ಬರಲ್ಲ ಅಕ್ಕ," ಎಂದಳು. "ಬದುಕಿರೋರ ಬಟ್ಟೆ ಹೊಲಿದು ನಲವತ್ತೊಂದು ವರ್ಷ ಆಯ್ತು. ಕೈಗೆ ಮರೆತೇ ಹೋಗಿದೆ. ಮರೆಸಿದೋರು ನೀವೇ."

ತಾತ್ಸುಕೊ ಎರಡು ಕೈಯನ್ನೂ ಚಾಪೆಗೆ ಊರಿ, ಹಣೆ ಹಚ್ಚಿ, ಅವಳ ಹೆಸರು ಕೂಗುತ್ತಿದ್ದಳು. ನಲವತ್ತೊಂದು ವರುಷದಲ್ಲಿ ಆ ಊರಿನಲ್ಲಿ ಆ ಹೆಸರು ಮನುಷ್ಯರ ಹೆಸರಾಗಿ ಕೇಳಿಬಂದದ್ದು ಅದೇ ಮೊದಲು. ಮಸುಯೊ ಬಿದಿರೆಲೆಯ ಪೊಟ್ಟಣವನ್ನು ಕೈಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೊರಟಳು. ಯಾರೂ ತಡೆಯಲಿಲ್ಲ.

ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. 'ಬಾ, ಗಂಟು ಹಾಕು' ಎಂದ ದನಿಯನ್ನು ನೆನಪು ಮಾಡಿಕೊಂಡು ಅವಳು ಪೊಟ್ಟಣ ಬಿಚ್ಚಿ ರುಚಿಯಾಗಿ ತಿಂದಳು. ತಕಾವೊಕಾ ಹತ್ತಿರ ಬರುವಾಗ ಅಭ್ಯಾಸದಂತೆ ಸೊಂಟಪಟ್ಟಿಯಿಂದ ಮೆತ್ತೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಎಣಿಸತೊಡಗಿದಳು. ಒಂದು, ಎರಡು, ಮೂರು... ಒಂಬತ್ತು.

ಹತ್ತು.

ಮತ್ತೊಮ್ಮೆ ಎಣಿಸಿದಳು. ಹತ್ತು. ಕೊನೆಯದರ ಕಣ್ಣಿನಲ್ಲಿ ಕಪ್ಪು ದಾರದ ಎಳೆ ಇನ್ನೂ ನೇತಾಡುತ್ತಿತ್ತು. ಕೆಲಸ ಮುಗಿದ ಮೇಲೆ ಸೂಜಿಯನ್ನು ಡಬ್ಬಿಗೆ ಹಾಕದೆ ತನ್ನ ಮೆತ್ತೆಗೇ ಚುಚ್ಚಿತ್ತು ಆ ಕೈ. ಪಕ್ಕದಲ್ಲಿ ಕೂತಿದ್ದವಳು ತಿರುಗಿ ನೋಡುವಷ್ಟು ಗಟ್ಟಿಯಾಗಿ ಮಸುಯೊ ನಕ್ಕಳು.

"ಇವತ್ತು ಸಂಜೆ ಅವರು ಎಣಿಸ್ಲಿ," ಎಂದಳು.